23ಕ್ಕೇ ನೆತ್ತಿ ಕಾಣ್ತಿದೆ, ಶಿವಮೊಗ್ಗ ಕಡೆಯವರು ಯಾರಾದ್ರೂ ಟ್ರೀಟ್‌ಮೆಂಟ್ ತಗೊಂಡಿದೀರಾ?

ಕೊಟ್ಟೆಕಡುಬು
ನಮಸ್ಕಾರ ಎಲ್ಲರಿಗೂ. ನಂದು ಸಾಗರದ ಕಡೆ ಹಳ್ಳಿ, ಈಗ ಶಿವಮೊಗ್ಗ ವಿನೋಬನಗರದಲ್ಲಿ ರೂಮ್ ಮಾಡ್ಕೊಂಡಿದೀನಿ, ವಯಸ್ಸು 23. ಡಿಗ್ರಿ ಕೊನೇ ವರ್ಷದಲ್ಲೇ ಹಣೆ ಎರಡೂ ಮೂಲೆ ಒಳಗೆ ಹೋಗ್ತಿದೆ ಅಂತ ಕಟಿಂಗ್ ಮಾಡೋ ಅಣ್ಣ ಹೇಳಿದ್ದ, ಆಗ ನಗಾಡಿ ಬಿಟ್ಟಿದ್ದೆ. ದಸರಾ ಆದ್ಮೇಲಿಂದ ಕತೆನೇ ಬೇರೆ, ತಲೆಗೆ ನೀರು ಹಾಕ್ಕೊಂಡ್ರೆ ಬಚ್ಚಲ ಜಾಲರಿ ಮುಚ್ಚಿ ನೀರು ನಿಲ್ಲುತ್ತೆ, ಹೆಲ್ಮೆಟ್ ಒಳಗೆ ಕೂದಲು, ದಿಂಬಿನ ಮೇಲೆ ಕೂದಲು, ಊಟದ ತಟ್ಟೇಲೂ ಒಂದ್ಸಲ ಸಿಕ್ತು. ಅಪ್ಪಂಗೆ ಈಗಲೂ ತಲೆ ತುಂಬ ಇದೆ, ಅಮ್ಮನ ಅಪ್ಪಂಗೆ ಮಾತ್ರ ಮೂವತ್ತಕ್ಕೇ ಬೋಳಾಗಿತ್ತಂತೆ.

ಅಮ್ಮ ದಾಸವಾಳ ಗರುಗ ಕರಿಬೇವು ಹಾಕಿ ಕಾಯಿಸಿದ ಎಣ್ಣೆ ಬಸ್ಸಲ್ಲಿ ಕೊಟ್ಟು ಕಳಿಸ್ತಾ ಇದಾರೆ. ಇಲ್ಲೇ ಒಂದು ಹೇರ್ ಕ್ಲಿನಿಕ್ಕಿಗೆ ಹೋಗಿ ವಿಚಾರಿಸಿದೆ, ಹೆಸರು ಬೇಡ ಬಿಡಿ, ಕ್ಯಾಮೆರಾ ಇಟ್ಟು ಸ್ಕ್ರೀನಲ್ಲಿ ನನ್ನ ತಲೆ ನನಗೇ ತೋರಿಸಿ ಹೆದರಿಸಿ, ಎಂಟು ಸಿಟ್ಟಿಂಗ್ ಪಿಆರ್‌ಪಿ ಇಂಜೆಕ್ಷನ್, ಲೇಸರ್, ಅವರದ್ದೇ ಶ್ಯಾಂಪೂ ಸೀರಮ್ ಎಲ್ಲ ಸೇರಿ 60 ಸಾವಿರ, ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ 45ಕ್ಕೆ ಅಂದ್ರು. ರೂಮ್‌ಮೇಟ್ ಒಬ್ಬ ಫಿನಾಸ್ಟರೈಡ್ ಅನ್ನೋ ಕೂದಲಿನ ಮಾತ್ರೆ ತಗೋ ಅಂತಾನೆ, ಇನ್ನೊಬ್ಬ ಅದನ್ನ ತಗೊಂಡ್ರೆ ಗಂಡಸ್ತನನೇ ಹೋಗುತ್ತೆ ಅಂತಾನೆ. ಮನೇಲಿ ಇನ್ನೆರಡು ವರ್ಷಕ್ಕೆ ಜಾತಕ ಹೊರಡಿಸೋ ಮಾತಿದೆ, ಅಷ್ಟೊತ್ತಿಗೆ ಎಂತ ಉಳಿದಿರುತ್ತೋ ಗೊತ್ತಿಲ್ಲ. ನಿಜವಾಗ್ಲೂ ಕೆಲಸ ಮಾಡೋದು ಯಾವುದು ಅಂತ ಅನುಭವ ಇರೋರು ಹೇಳಿ. ಫೋಟೋ ಹಾಕಲ್ಲ, ಆಫೀಸಿನವರು ಇಲ್ಲೇ ಓಡಾಡ್ತಿರ್ತಾರೆ.

ಭದ್ರಾವತಿ ಬಾಯ್
ನೀರು ಮಗಾ ನೀರು. ಬೋರ್ ನೀರಲ್ಲಿ ತಲೆ ತೊಳೆದ್ರೆ ಹಿಂಗೇ. ನಮ್ಮ ಕಸಿನ್ ಬೆಂಗ್ಳೂರಿಗೆ ಹೋಗಿ ಒಂದೇ ವರ್ಷಕ್ಕೆ ಬೋಳು.

ಕೊಟ್ಟೆಕಡುಬು
ನಮ್ದು ತುಂಗಾ ನಲ್ಲಿ ನೀರು ಗುರು.

ಭದ್ರಾವತಿ ಬಾಯ್
ಹಂಗಾದ್ರೆ ಟೆನ್ಷನ್ 😀

ದುರ್ಗಿಗುಡಿ ಮೆಡಿಕಲ್ಸ್ ಹುಡುಗ
ಗಡಸು ನೀರಿಂದ ಕೂದಲು ಒರಟಾಗುತ್ತೆ, ಸಿಕ್ಕಾಗುತ್ತೆ, ಮಧ್ಯಕ್ಕೆ ತುಂಡಾಗುತ್ತೆ, ಆದ್ರೆ ಹಣೆ ಮೂಲೆ ಹಿಂದಕ್ಕೆ ಹೋಗೋದು ನೀರಿಂದ ಅಲ್ಲ. ಬೆಂಗ್ಳೂರಿಗೆ ಹೋಗೋ ವಯಸ್ಸೂ ಕೂದಲು ಹೋಗೋ ವಯಸ್ಸೂ ಒಂದೇ ಆಗಿರೋದ್ರಿಂದ ಎಲ್ರೂ ಬೋರ್‌ವೆಲ್ ಮೇಲೆ ಹಾಕ್ತಾರೆ.

ಕಡುಬಣ್ಣ ನಂದೊಂದು ಪ್ರಶ್ನೆ, ಆಷಾಢ ಶ್ರಾವಣದ ಹೊತ್ತಿಗೆ ನಿಂಗೆ ಜ್ವರ ಏನಾದ್ರೂ ಬಂದಿತ್ತಾ? ಜೋರು ಜ್ವರ. ಡೆಂಗ್ಯೂ, ಟೈಫಾಯ್ಡ್ ಥರ. ಇಲ್ಲಾ ಜಿಮ್ಮಿಗೆ ಸೇರಿ ಊಟ ಬಿಟ್ಟಿದ್ಯಾ?

ಕೊಟ್ಟೆಕಡುಬು
ಹೌದು!! ಜುಲೈನಲ್ಲಿ ಡೆಂಗ್ಯೂ. ಪ್ಲೇಟ್ಲೆಟ್ ಇಳಿದು ಅಡ್ಮಿಟ್ ಆಗಿದ್ದೆ. ಅದಕ್ಕೂ ಇದಕ್ಕೂ ಎಂತ ಸಂಬಂಧ?

ದುರ್ಗಿಗುಡಿ ಮೆಡಿಕಲ್ಸ್ ಹುಡುಗ
ಸಂಬಂಧ ಇದೆ ಮಾರಾಯ. ತಲೇಲಿರೋ ಕೂದಲಲ್ಲಿ ಹೆಚ್ಚಿನವು ಬೆಳೆಯೋ ಹಂತದಲ್ಲಿರುತ್ವೆ, ಒಂದಿಷ್ಟು ರೆಸ್ಟಲ್ಲಿರುತ್ವೆ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ರೆ, ಅಂದ್ರೆ ಜೋರು ಜ್ವರ, ಆಪರೇಷನ್, ಹೆರಿಗೆ, ಒಂದೇ ಸಲ ತೂಕ ಇಳಿಸೋದು, ಇಂಥದ್ದಾದಾಗ ಬೆಳೀತಿದ್ದ ಕೂದಲು ಒಟ್ಟಿಗೇ ರೆಸ್ಟಿಗೆ ಹೋಗುತ್ವೆ, ರೆಸ್ಟು ಮುಗಿಸಿ ಎರಡು ಮೂರು ತಿಂಗಳಿಗೆ ಎಲ್ಲ ಒಟ್ಟಿಗೇ ಉದುರುತ್ವೆ. ಹೆಸರು ಟೆಲೋಜೆನ್ ಎಫ್ಲುವಿಯಂ. ಜುಲೈ ಜ್ವರಕ್ಕೆ ಅಕ್ಟೋಬರ್ ಕೂದಲು, ಲೆಕ್ಕ ಸರಿ ಬರುತ್ತೆ. ಬುಡ ಸತ್ತಿರಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ನಿಲ್ಲುತ್ತೆ, ಆಮೇಲೆ ನಿಧಾನಕ್ಕೆ ವಾಪಸ್ ಬರುತ್ತೆ. ಕೋವಿಡ್ ಆದ್ಮೇಲೆ ಎಷ್ಟು ಜನ ನಮ್ಮ ಅಂಗಡಿಗೆ ಬಂದು ಇದನ್ನೇ ಕೇಳಿದ್ರು ಅಂದ್ರೆ ನನಗೆ ಬಾಯಿಪಾಠ ಆಗಿಬಿಟ್ಟಿದೆ.

ಆದ್ರೆ ನೀನು ಹೇಳಿದ ಹಣೆ ಮೂಲೆ ಕತೆ ಡೆಂಗ್ಯೂಗಿಂತ ಹಳೇದು. ಅದು ಬೇರೆ ಕೇಸು, ವಂಶದ್ದು. ಎರಡೂ ಒಟ್ಟಿಗೆ ಇರಬಹುದು. ಅದಕ್ಕೇ ಮೊದಲು ಯಾವುದು ಎಷ್ಟು ಅಂತ ಚರ್ಮದ ಡಾಕ್ಟ್ರು ನೋಡಿ ಹೇಳಬೇಕು. ಆ 60 ಸಾವಿರದ ಪ್ಯಾಕೇಜ್ ಕೊಟ್ಟೋರು ಜ್ವರ ಬಂದಿತ್ತಾ ಅಂತ ಒಂದು ಮಾತಾದ್ರೂ ಕೇಳಿದ್ರಾ?

ಕೊಟ್ಟೆಕಡುಬು
ಇಲ್ಲ. ಸಂಬಳ ಎಷ್ಟು ಅಂತ ಕೇಳಿದ್ರು, ಇಎಂಐ ಮಾಡಿಕೊಡ್ತೀವಿ ಅಂತ.

ಸೊರಬದ ಸೋಮಾರಿ
ಜ್ವರದ ಮಾತು ನಿಜ. ನಮ್ಮತ್ತೆಗೆ ಮಂಗನ ಕಾಯಿಲೆ ಬಂದು ಬದುಕಿದ್ದೇ ಹೆಚ್ಚು, ವಾಸಿಯಾಗಿ ಸ್ವಲ್ಪ ಸಮಯಕ್ಕೆ ಜಡೆ ಅರ್ಧ ಆಗಿತ್ತು, ಆಮೇಲೆ ಬಂತು ಬಿಡಿ. ಹೊರಗಿನವರಿಗೆ ಗೊತ್ತಿರಲಿ ಅಂತ ಹೇಳ್ತೀನಿ, 1957ರಲ್ಲಿ ಆ ಕಾಯಿಲೆ ಮೊದಲು ಸಿಕ್ಕಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ, ಜಗತ್ತಿನ ಪುಸ್ತಕದಲ್ಲೆಲ್ಲ ನಮ್ಮೂರ ಹೆಸರೇ ಇರೋದು, ಹೆಮ್ಮೆ ಪಡೋದಾ ಬೇಜಾರು ಮಾಡ್ಕೊಳೋದಾ ಗೊತ್ತಾಗಲ್ಲ.

ಬೋಳುಗುಡ್ಡ
ತಮ್ಮಾ, ನಂದು ಬೇರೆ ಸಲಹೆ. ಬಿಟ್ಟಾಕು. ಟ್ರಿಮ್ಮರ್ ತಗೋ, ಝೀರೋ ಹೊಡಿ. ನಂಗೆ 26ಕ್ಕೆ ನೆತ್ತಿ ಹೋಯ್ತು, ಒಂದು ರೂಪಾಯಿ ಖರ್ಚು ಮಾಡ್ಲಿಲ್ಲ, ತೀರ್ಥಹಳ್ಳಿ ಹತ್ರ ತೋಟ, ಮದುವೆ ಆಗಿ ಇಬ್ಬರು ಮಕ್ಕಳು. ತೊಂದರೆ ಅಂದ್ರೆ ಚಳಿಗಾಲದ ಬೆಳಗ್ಗೆ ತಲೆ ಐಸ್ ಆಗುತ್ತೆ, ತೋಟಕ್ಕೆ ಹೋಗುವಾಗ ಹಾಳೆ ಟೊಪ್ಪಿ ಬೇಕೇ ಬೇಕು, ಅಷ್ಟೆ.

ಅಡಿಕೆಸಿಪ್ಪೆ
ಗುಡ್ಡಣ್ಣ ನಿಮ್ಮ ಕಾಲದಲ್ಲಿ ತೋಟ ಇದ್ರೆ ಹೆಣ್ಣು ಕೊಡ್ತಿದ್ರು. ಈಗ ತೋಟ ಇದೆ ಅಂದ್ರೇನೇ ಕೊಡಲ್ಲ, ಅದರ ಮೇಲೆ ಬೋಳು ಅಂದ್ರೆ ಬಯೋಡೇಟಾ ತೆಗೆದೂ ನೋಡಲ್ಲ. ನಮ್ಮ ಕೇರೀಲಿ ಮೂವತ್ತೈದು ದಾಟಿದ ಹುಡುಗರೇ ಒಂದು ಕ್ರಿಕೆಟ್ ಟೀಮ್ ಆಗ್ತಾರೆ. ಬಿಟ್ಟಾಕು ಅನ್ನೋದು ಮದುವೆ ಆದವರಿಗೆ ಸುಲಭ.

ಬೋಳುಗುಡ್ಡ
ಅದೂ ಹೌದು. ನನ್ನ ಹೆಂಡ್ತಿ ಬಂದಾಗ ಇನ್ನೂ ಮುಂದೆ ನಾಲ್ಕು ಕೂದಲಿತ್ತು 😄

ಆಗುಂಬೆ ಮಳೆ
ನನ್ನ ಕತೆ ಹೇಳ್ತೀನಿ, ಉದ್ದ ಇದೆ, ಓದೋರು ಓದಿ. ಈಗ 29, ಶುರು ಮಾಡಿದ್ದು 22ಕ್ಕೆ, ನಾರ್ವುಡ್ 3 ಇತ್ತು. ನಾರ್ವುಡ್ ಅಂದ್ರೆ ಗಂಡಸರ ಬೋಳುತನಕ್ಕೆ ಒಂದರಿಂದ ಏಳರ ತನಕ ಇರೋ ಅಳತೆ, ಏಳು ಅಂದ್ರೆ ಕಿವಿ ಮೇಲೆ ಹಿಂದೆ ಒಂದು ಪಟ್ಟಿ ಮಾತ್ರ ಉಳಿದಿರೋದು. ಡಾಕ್ಟ್ರು ಕೊಟ್ಟಿದ್ದು ಎರಡೇ, ಫಿನಾಸ್ಟರೈಡ್ 1 ಎಂಜಿ ದಿನಕ್ಕೊಂದು, ಮಿನಾಕ್ಸಿಡಿಲ್ 5 ಪರ್ಸೆಂಟ್ ದಿನಕ್ಕೆರಡು ಸಲ ಒಂದೊಂದು ಎಂಎಲ್. ಇವೆರಡರ ಕೆಲಸ ಬೇರೆ ಬೇರೆ, ಬಹಳ ಜನ ಇದನ್ನ ತಿಳ್ಕೊಳ್ಳದೆ ಒಂದು ಬಿಟ್ಟು ಇನ್ನೊಂದು ತಗೋತಾರೆ.

ನಮ್ಮ ದೇಹದಲ್ಲಿ ಟೆಸ್ಟೋಸ್ಟೆರಾನ್ ಒಂದು ಎಂಜೈಮ್ ಕೈಗೆ ಸಿಕ್ಕಿ ಡಿಎಚ್‌ಟಿ ಆಗುತ್ತೆ. ವಂಶದಲ್ಲಿ ಇರೋರಿಗೆ ಹಣೆ ನೆತ್ತಿ ಕೂದಲಿನ ಬುಡ ಈ ಡಿಎಚ್‌ಟಿಗೆ ಸೂಕ್ಷ್ಮ, ಒಂದೊಂದು ಸುತ್ತಿಗೂ ಕೂದಲು ತೆಳು ಆಗ್ತಾ ಗಿಡ್ಡ ಆಗ್ತಾ ಕೊನೆಗೆ ಮಗು ಕೆನ್ನೆ ಮೇಲಿನ ರೋಮದ ಥರ ಆಗಿ ಹೋಗುತ್ತೆ. ಹಿಂದೆ ಕಿವಿ ಪಕ್ಕ ಇರೋ ಬುಡಕ್ಕೆ ಆ ಸೂಕ್ಷ್ಮ ಇಲ್ಲ, ಅದಕ್ಕೇ ಎಂಥ ಬೋಳಜ್ಜಂಗೂ ಅಲ್ಲಿ ಇರುತ್ತೆ. ಫಿನಾಸ್ಟರೈಡ್ ಆ ಎಂಜೈಮನ್ನ ತಡೆಯುತ್ತೆ, ರಕ್ತದಲ್ಲಿ ಡಿಎಚ್‌ಟಿ ಸುಮಾರು 70 ಪರ್ಸೆಂಟ್ ಇಳಿಯುತ್ತೆ. ಅಂದ್ರೆ ಅದು ಇರೋದನ್ನ ಉಳಿಸೋ ಮಾತ್ರೆ. ಮಿನಾಕ್ಸಿಡಿಲ್ಲಿಗೂ ಹಾರ್ಮೋನಿಗೂ ಸಂಬಂಧ ಇಲ್ಲ, ಅದು ಮೂಲದಲ್ಲಿ ಬಿಪಿ ಮಾತ್ರೆ, ತಗೊಂಡ ಪೇಶೆಂಟುಗಳಿಗೆ ಮೈ ಮುಖ ಎಲ್ಲ ಕೂದಲು ಬಂದಿದ್ದು ನೋಡಿ ತಲೆಗೆ ಹಚ್ಚೋ ಲೋಷನ್ ಮಾಡಿದ್ದು, 1988ರಲ್ಲಿ ಅಮೆರಿಕದಲ್ಲಿ ಪರ್ಮಿಷನ್ ಸಿಕ್ತು. ಅದು ಬೆಳೆಯೋ ಹಂತವನ್ನ ಉದ್ದ ಮಾಡುತ್ತೆ.

ಶುರು ಮಾಡಿದ ಮೊದಲ ತಿಂಗಳು ಎರಡನೇ ತಿಂಗಳು ಇನ್ನೂ ಜಾಸ್ತಿ ಉದುರಿತು. ಅರ್ಧ ಜನ ಇಲ್ಲೇ ಹೆದರಿ ಬಿಡೋದು. ಹಳೇ ದುರ್ಬಲ ಕೂದಲು ಜಾಗ ಬಿಟ್ಟುಕೊಡೋದು ಅದು, ಡಾಕ್ಟ್ರು ಮೊದಲೇ ಹೇಳಿದ್ದಕ್ಕೆ ನಾನು ಬಚಾವ್. ನಾಲ್ಕನೇ ತಿಂಗಳ ತನಕ ಏನೂ ಗೊತ್ತಾಗ್ಲಿಲ್ಲ, ಆಮೇಲೆ ನೆತ್ತಿ ಮುಚ್ಚಿತು, ವರ್ಷಕ್ಕೆ ಫೋಟೋ ಪಕ್ಕಪಕ್ಕ ಇಟ್ರೆ ವ್ಯತ್ಯಾಸ ಕಾಣ್ತಿತ್ತು. ಹಣೆ ಮೂಲೆ ಮಾತ್ರ ಬರಲಿಲ್ಲ, ಇದ್ದಲ್ಲಿ ನಿಂತಿದೆ. ನಮ್ಮೂರಲ್ಲಿ ಅಡಿಕೆಗೆ ಕೊಳೆರೋಗ ಬಂದ್ಮೇಲೆ ಬೋರ್ಡೋ ಔಷಧಿ ಹೊಡೆದ್ರೆ ಉದುರಿದ ಕಾಯಿ ವಾಪಸ್ ಗೊನೆಗೆ ಅಂಟಲ್ವಲ್ಲ, ಹಂಗೇ ಇದು, ಮಳೆಗೆ ಮುಂಚೆ ಹೊಡೆದವನಿಗೆ ಫಸಲು.

ಮತ್ತೆ ಒಂದು ವಿಷ್ಯ, ಇದು ಕೋರ್ಸ್ ಮುಗಿಸಿ ಬಿಡೋದಲ್ಲ. ಮಿನಾಕ್ಸಿಡಿಲ್ ಬಿಟ್ರೆ ಮೂರರಿಂದ ಆರು ತಿಂಗಳಲ್ಲಿ ಅದರಿಂದ ಬಂದಿದ್ದು ಹೋಗುತ್ತೆ, ಫಿನಾಸ್ಟರೈಡ್ ಬಿಟ್ರೆ ವರ್ಷದೊಳಗೆ ಮೊದಲಿನ ದಾರಿ. ಉಳಿಸ್ಕೊಳ್ಳೋ ಮನಸ್ಸಿದ್ರೆ ಎಷ್ಟು ವರ್ಷ ಅಂತ ಮೊದಲೇ ಯೋಚನೆ ಮಾಡು.

ಭದ್ರಾವತಿ ಬಾಯ್
ಅಷ್ಟೆಲ್ಲ ಮಾತ್ರೆ ಯಾಕೆ, ಆ ಆದಿವಾಸಿ ಎಣ್ಣೆ ಬರುತ್ತಲ್ಲ ರೀಲ್ಸಲ್ಲಿ, ಮೊಣಕಾಲ ತನಕ ಕೂದಲು ಬಿಟ್ಕೊಂಡು ನಿಂತಿರ್ತಾರೆ, ಹುಣಸೂರು ಕಡೆ ಪಕ್ಷಿರಾಜಪುರದ್ದು. ಅದನ್ನ ಟ್ರೈ ಮಾಡ್ಬಹುದಲ್ಲ

ದುರ್ಗಿಗುಡಿ ಮೆಡಿಕಲ್ಸ್ ಹುಡುಗ
ಆ ಎಣ್ಣೆ ಮಾಡೋ ಹಕ್ಕಿಪಿಕ್ಕಿ ಜನ ಕಷ್ಟಪಟ್ಟು ವ್ಯಾಪಾರ ಕಟ್ಟಿದಾರೆ, ಅದಕ್ಕೆ ನಂದೇನೂ ತಕರಾರಿಲ್ಲ. ಆದ್ರೆ ಯಾವ ಎಣ್ಣೆನೇ ಆಗ್ಲಿ ಡಿಎಚ್‌ಟಿ ಕೆಲಸ ನಿಲ್ಲಿಸಿ ವಂಶದ ಬೋಳುತನ ತಡೆದಿದ್ದಕ್ಕೆ ಗಟ್ಟಿ ಪುರಾವೆ ಇಲ್ಲ. ತೆಂಗಿನೆಣ್ಣೆ ಕೂದಲಿನ ಎಳೆ ಒಳಗೆ ಇಳಿದು ಪ್ರೋಟೀನ್ ಹೋಗೋದನ್ನ ಕಡಿಮೆ ಮಾಡುತ್ತೆ, ಅದು ಪರೀಕ್ಷೆ ಮಾಡಿ ತೋರಿಸಿರೋದು, ಸೋ ಕೂದಲು ತುಂಡಾಗೋದು ಕಮ್ಮಿ. ಇರೋ ಕೂದಲಿಗೆ ಒಳ್ಳೇದು, ಇಲ್ಲದ ಕೂದಲು ಹುಟ್ಟಿಸಲ್ಲ. ಅಮ್ಮನ ಎಣ್ಣೆ ಹಚ್ಕೋ ಕಡುಬಣ್ಣ, ಬೇಡ ಅನ್ಬೇಡ, ಅವರಿಗೂ ಸಮಾಧಾನ.

ಹೊಸನಗರದ ಹೆಣ್ಮಗಳು
ರೋಸ್‌ಮೆರಿ ಎಣ್ಣೆ ಮಿನಾಕ್ಸಿಡಿಲ್‌ನಷ್ಟೇ ಕೆಲಸ ಮಾಡುತ್ತೆ ಅಂತ ಸ್ಟಡಿ ಇದೆಯಲ್ಲ?

ಆಗುಂಬೆ ಮಳೆ
ಇದೆ, 2015ದು, ಇರಾನಲ್ಲಿ 100 ಗಂಡಸರ ಮೇಲೆ ಮಾಡಿದ್ದು. ಆದ್ರೆ ಹೋಲಿಸಿದ್ದು 2 ಪರ್ಸೆಂಟ್ ಮಿನಾಕ್ಸಿಡಿಲ್ ಜೊತೆ, ಗಂಡಸರು ಹಚ್ಚೋ 5ರ ಜೊತೆ ಅಲ್ಲ, ಆರೇ ತಿಂಗಳು, ಏನೂ ಹಚ್ಚದೇ ಇರೋ ಗುಂಪೂ ಇರಲಿಲ್ಲ. ಅಷ್ಟರ ಮೇಲೆ ಇನ್‌ಸ್ಟಾಗ್ರಾಂ ಪೂರ್ತಿ ರೋಸ್‌ಮೆರಿ ಆಗೋಯ್ತು.

ಗಾಂಧಿಬಜಾರ್ ಗಿರಾಕಿ
ಎಲ್ಲ ಸರಿ, ಫಿನಾಸ್ಟರೈಡ್ ಸೈಡ್ ಎಫೆಕ್ಟ್ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ ಯಾಕೆ? ಒಂದು ಕೂದಲಿಗೋಸ್ಕರ ಹಾರ್ಮೋನ್ ಜೊತೆ ಆಟ ಆಡೋದು ಅಂದ್ರೆ ಹುಚ್ಚು. ನೆಟ್ಟಲ್ಲಿ ಓದಿ, ಜೀವನ ಹಾಳಾದವರು ಎಷ್ಟು ಜನ ಇದಾರೆ.

ಆಗುಂಬೆ ಮಳೆ
ಬಿಡ್ತೀನಿ, ಯಾಕಿಲ್ಲ. ಕಂಪನಿ ಪರ್ಮಿಷನ್ ತಗೊಳೋಕೆ ಮಾಡಿದ ಟ್ರಯಲ್ಲಲ್ಲಿ ಮಾತ್ರೆ ತಗೊಂಡೋರಲ್ಲಿ 3.8 ಪರ್ಸೆಂಟ್ ಜನಕ್ಕೆ ಲೈಂಗಿಕ ತೊಂದರೆ, ಔಷಧಿ ಇಲ್ಲದ ಸುಳ್ಳು ಮಾತ್ರೆ ತಗೊಂಡೋರಲ್ಲಿ 2.1. ಆಸಕ್ತಿ ಕಮ್ಮಿ ಆಗೋದು, ನಿಮಿರುವಿಕೆ ಸಮಸ್ಯೆ, ವೀರ್ಯ ಕಮ್ಮಿ ಆಗೋದು. ಬಹುತೇಕರಿಗೆ ಬಿಟ್ಟ ಮೇಲೆ ಹೋಗುತ್ತೆ. ಅದೇ ಟ್ರಯಲ್ಲಲ್ಲಿ ಎರಡು ವರ್ಷದ ಕೊನೆಗೆ ನೆತ್ತಿ ಕೂದಲು ಎಣಿಸಿದಾಗ ಮಾತ್ರೆಯವರಲ್ಲಿ 83 ಪರ್ಸೆಂಟ್ ಜನಕ್ಕೆ ಮೊದಲಿಗಿಂತ ಕಮ್ಮಿ ಆಗಿರಲಿಲ್ಲ, ಸುಳ್ಳು ಮಾತ್ರೆಯವರಲ್ಲಿ 28. ಎರಡೂ ಲೆಕ್ಕ ಮುಂದಿಟ್ಟು ನೋಡಬೇಕು.

ಇನ್ನೊಂದು, 2007ರಲ್ಲಿ ಇಟಲಿಯಲ್ಲಿ ಪ್ರೋಸ್ಟೇಟ್ ಗ್ರಂಥಿ ತೊಂದರೆಗೆ ಇದೇ ಫಿನಾಸ್ಟರೈಡ್ 5 ಎಂಜಿ ತಗೊಳೋರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಲೈಂಗಿಕ ತೊಂದರೆ ಆಗಬಹುದು ಅಂತ ಮೊದಲೇ ಹೇಳಿದ್ರು, ಇನ್ನೊಂದಕ್ಕೆ ಹೇಳಲಿಲ್ಲ. ಹೇಳಿದ ಗುಂಪಲ್ಲಿ 43.6 ಪರ್ಸೆಂಟ್ ಜನ ತೊಂದರೆ ಆಯ್ತು ಅಂದ್ರು, ಹೇಳದ ಗುಂಪಲ್ಲಿ 15.3. ಅಂದ್ರೆ ಹೆದರಿಕೆಯಿಂದಲೇ ಬರೋದೂ ಕಮ್ಮಿ ಇಲ್ಲ.

ಗಾಂಧಿಬಜಾರ್ ಗಿರಾಕಿ
ಅಂದ್ರೆ ಎಲ್ಲಾ ಮನಸ್ಸಿನ ಭ್ರಮೆ ಅಂತೀರಾ. ತೊಂದರೆ ಆದೋನ ಮುಂದೆ ಹೋಗಿ ಹೇಳಿ ನೋಡೋಣ.

ಆಗುಂಬೆ ಮಳೆ
ಹಂಗಂದಿಲ್ಲ ಮಾರಾಯ್ರೆ.

ದುರ್ಗಿಗುಡಿ ಮೆಡಿಕಲ್ಸ್ ಹುಡುಗ
ಗಿರಾಕಿ ಅವರ ಮಾತಲ್ಲಿ ತೂಕ ಇದೆ, ತಳ್ಳಿ ಹಾಕೋ ಹಂಗಿಲ್ಲ. ಮಾತ್ರೆ ಬಿಟ್ಟ ಮೇಲೂ ತೊಂದರೆ ಮುಂದುವರಿದಿದೆ ಅಂತ ಹೇಳೋರು ಇದಾರೆ. ಮನಸ್ಸಿನ ಕಡೆದು ಇನ್ನೂ ಮುಖ್ಯ, 2025ರಲ್ಲಿ ಯುರೋಪಿನ ಔಷಧ ಸಂಸ್ಥೆ ಫಿನಾಸ್ಟರೈಡ್ ಮಾತ್ರೆಯ ಸೈಡ್ ಎಫೆಕ್ಟ್ ಪಟ್ಟಿಯಲ್ಲಿ ಆತ್ಮಹತ್ಯೆ ಯೋಚನೆಯನ್ನ ಖಚಿತ ಅಂತಲೇ ಸೇರಿಸ್ತು, ಎಷ್ಟು ಜನಕ್ಕೆ ಬರುತ್ತೆ ಅನ್ನೋದು ಗೊತ್ತಿಲ್ಲ ಅಂತಾನೂ ಹೇಳ್ತು. ಹಂಗಾಗಿ ಮೊದಲೇ ಡಿಪ್ರೆಶನ್ ಇದ್ದವರು ಡಾಕ್ಟ್ರಿಗೆ ಮುಚ್ಚಿಡಬಾರದು, ಶುರು ಮಾಡಿದ ಮೇಲೆ ಮನಸ್ಸು ಕುಗ್ತಿದೆ ಅನಿಸಿದ್ರೆ ಮಾತ್ರೆ ನಿಲ್ಲಿಸಿ ತಕ್ಷಣ ಹೋಗಬೇಕು. ಮನೇಲಿ ಯಾರಾದ್ರೂ ಒಬ್ಬರಿಗೆ ಗೊತ್ತಿರಲಿ, ಬಹಳ ಹುಡುಗರು ಕದ್ದು ತಗೋತಾರೆ, ಅದೇ ಅಪಾಯ.

ಅಂಗಡಿ ಕಡೆಯಿಂದ ಇನ್ನೊಂದಿಷ್ಟು. ಚೀಟಿ ಇಲ್ಲದೆ ಕೇಳೋರು ದಿನಾ ಬರ್ತಾರೆ, ಇದು ಡಾಕ್ಟ್ರ ಚೀಟಿ ಮೇಲೇ ಕೊಡಬೇಕಾದ ಮಾತ್ರೆ. 5 ಎಂಜಿ ತಗೊಂಡು ನಾಲ್ಕು ತುಂಡು ಮಾಡ್ತೀನಿ ಅನ್ನೋ ಜಾಣರೂ ಇದಾರೆ, ಮನೇಲಿ ಬಸುರಿ ಹೆಂಗಸರಿದ್ರೆ ಆ ಪುಡಿ ಮುಟ್ಟಬಾರದು, ಹೊಟ್ಟೇಲಿರೋ ಗಂಡು ಮಗುಗೆ ತೊಂದರೆ. ಮಾತ್ರೆ ತಗೋತಾ ಇರೋವಾಗ ರಕ್ತ ಕೊಡಬೇಡಿ, ಬಿಟ್ಟು ಒಂದು ತಿಂಗಳಾಗಲಿ. ವಯಸ್ಸಾದವರು ತಗೊಂಡ್ರೆ ಪಿಎಸ್‌ಎ ಟೆಸ್ಟ್, ಅಂದ್ರೆ ಪ್ರೋಸ್ಟೇಟಿಗೆ ಮಾಡೋ ರಕ್ತ ಪರೀಕ್ಷೆ, ಅದರ ನಂಬರ್ ಅರ್ಧ ತೋರಿಸುತ್ತೆ, ಲ್ಯಾಬಿಗೆ ಡಾಕ್ಟ್ರಿಗೆ ಹೇಳಬೇಕು. ಮಿನಾಕ್ಸಿಡಿಲ್ ಒಣ ತಲೆಗೆ ಹಚ್ಚೋದು, ನಮ್ಮಲ್ಲಿ ಮಳೆಗಾಲದಲ್ಲಿ ತಲೆ ಒಣಗೋದೇ ದೊಡ್ಡ ಕತೆ ಅದು ಬೇರೆ, ಹಚ್ಚಿ ಕೈ ತೊಳೀಬೇಕು, ಮಲಗೋಕೆ ಎರಡು ಮೂರು ಗಂಟೆ ಮುಂಚೆ ಹಚ್ಚಿ ಆರಿಸ್ಕೋಬೇಕು. ಮನೇಲಿ ಬೆಕ್ಕಿದ್ರೆ ಹುಷಾರು, ಬೆಕ್ಕಿಗೆ ಅದು ವಿಷ, ತಲೆ ದಿಂಬು ನೆಕ್ಕಿದ್ರೂ ಸಾಯಬಹುದು. ಉರಿ ತುರಿ ಆಗೋದು ಹೆಚ್ಚಾಗಿ ಲೋಷನ್ನಲ್ಲಿರೋ ಪ್ರೊಪಿಲೀನ್ ಗ್ಲೈಕಾಲಿಂದ, ಅಂಥವರಿಗೆ ಫೋಮ್ ಬರುತ್ತೆ.

ಅಡಿಕೆಸಿಪ್ಪೆ
ಬೆಕ್ಕಾ!! ನಮ್ಮನೇಲಿ ನಾಲ್ಕಿದಾವೆ, ಎಲ್ಲ ನನ್ನ ಹಾಸಿಗೇಲೇ ಮಲಗೋದು.

ದುರ್ಗಿಗುಡಿ ಮೆಡಿಕಲ್ಸ್ ಹುಡುಗ
ಹಾಗಾದ್ರೆ ನಿಮಗೆ ಮಿನಾಕ್ಸಿಡಿಲ್ ಬೇಡ, ಬೆಕ್ಕು ಇಟ್ಕೊಳ್ಳಿ.

ಸೊರಬದ ಸೋಮಾರಿ
ಈ ಫಿನಾಸ್ಟರೈಡ್ ಕಂಡುಹಿಡಿದ ಕತೆ ಯಾರಿಗಾದ್ರೂ ಗೊತ್ತಾ, ಭಾರಿ ಮಜಾ ಇದೆ. ಡೊಮಿನಿಕನ್ ರಿಪಬ್ಲಿಕ್ಕಿನ ಒಂದು ಹಳ್ಳೀಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣು ಥರ ಕಾಣಿಸಿ, ಹೆಣ್ಣಾಗಿಯೇ ಬೆಳೆದು, ಹನ್ನೆರಡರ ಸುಮಾರಿಗೆ ಗಂಡಾಗಿ ಬಿಡ್ತಿದ್ರಂತೆ. 1974ರಲ್ಲಿ ಇಂಪೆರಾಟೊ ಮೆಕ್‌ಗಿನ್ಲೆ ಅನ್ನೋ ಡಾಕ್ಟ್ರಮ್ಮ ಇದನ್ನ ಅಭ್ಯಾಸ ಮಾಡಿ ಬರೆದ್ರು, ಇವರಲ್ಲಿ ಡಿಎಚ್‌ಟಿ ಮಾಡೋ ಎಂಜೈಮೇ ಸರಿ ಇಲ್ಲ ಅಂತ. ಇವರು ದೊಡ್ಡೋರಾದ್ಮೇಲೆ ಪ್ರೋಸ್ಟೇಟ್ ಚಿಕ್ಕದೇ ಇರ್ತಿತ್ತು, ತಲೆ ಬೋಳಾಗ್ತಿರಲಿಲ್ಲ. ಅದನ್ನ ನೋಡಿ ಮೆರ್ಕ್ ಕಂಪನಿ ಆ ಎಂಜೈಮನ್ನೇ ತಡೆಯೋ ಮಾತ್ರೆ ಮಾಡ್ತು, 1992ರಲ್ಲಿ ಪ್ರೋಸ್ಟೇಟಿಗೆ, 1997ರಲ್ಲಿ ಕೂದಲಿಗೆ. ಅದಕ್ಕೂ ಮುಂಚೆ 1942ರಲ್ಲೇ ಹ್ಯಾಮಿಲ್ಟನ್ ಅನ್ನೋರು, ಚಿಕ್ಕ ವಯಸ್ಸಲ್ಲೇ ವೃಷಣ ಹೋದವರು ಬೋಳಾಗಲ್ಲ ಅಂತ ತೋರಿಸಿದ್ರು. ಅದೊಂದು ಟ್ರೀಟ್‌ಮೆಂಟೂ ಇದೆ, ಯಾರಿಗಾದ್ರೂ ಬೇಕಿದ್ರೆ.

ಬೋಳುಗುಡ್ಡ
ಬೇಡ ಮಾರಾಯ ಬೇಡ

ಜನಶತಾಬ್ದಿ ಪ್ರಯಾಣಿಕ
ಟ್ರಾನ್ಸ್‌ಪ್ಲಾಂಟ್ ಮಾಡಿಸಿದವನು ನಾನು, ಬೆಂಗ್ಳೂರಲ್ಲಿ, 32ನೇ ವಯಸ್ಸಲ್ಲಿ. ಕಡುಬು, ನಿಂಗೆ 23, ನಿಂಗೆ ಮಾಡ್ತೀವಿ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬಾ. ಕಾರಣ ಕೇಳು. ಹಿಂದಿನ ಪಟ್ಟಿಯಿಂದ ಕಿತ್ತು ಮುಂದೆ ನೆಡೋದು ಅಷ್ಟೆ, ಹೊಸ ಕೂದಲು ಎಲ್ಲಿಂದಲೋ ಬರಲ್ಲ, ಹಿಂದೆ ಇರೋ ಸ್ಟಾಕ್ ಜೀವನಪೂರ್ತಿ ಅಷ್ಟೇ. ಈಗ ಮುಂದಿನ ಹಣೆ ತುಂಬಿಸಿಕೊಂಡೆ ಅಂತಿಟ್ಕೋ, ನಿನ್ನ ಸ್ವಂತ ಕೂದಲು ಉದುರೋದು ನಿಲ್ಲಲ್ಲ, ಮೂವತ್ತೈದಕ್ಕೆ ಮುಂದೆ ನೆಟ್ಟಿದ್ದು ದ್ವೀಪದ ಥರ ಉಳಿದು ಹಿಂದೆ ಎಲ್ಲ ಖಾಲಿ, ತುಂಬಿಸೋಕೆ ಹಿಂದಿನ ಸ್ಟಾಕೂ ಖಾಲಿ. ಅದಕ್ಕೇ ಮೊದಲು ಔಷಧಿಯಲ್ಲಿ ನಿಲ್ಲಿಸಿ, ಎಲ್ಲಿಗೆ ನಿಲ್ಲುತ್ತೆ ನೋಡಿ, ಆಮೇಲೆ ನೆಡೋದು. ನಾನು ಈಗಲೂ ಫಿನಾಸ್ಟರೈಡ್ ತಗೋತೀನಿ.

ನೆಟ್ಟ ಕೂದಲು ಮೂರ್ನಾಲ್ಕು ವಾರಕ್ಕೆ ಉದುರಿ ಹೋಗುತ್ತೆ, ಇದನ್ನ ಯಾರೂ ಮೊದಲೇ ಹೇಳಲ್ಲ, ನಾಲ್ಕನೇ ತಿಂಗಳಿಂದ ಬರೋಕೆ ಶುರು, ಪೂರ್ತಿ ಕಾಣೋಕೆ ವರ್ಷ ಬೇಕು. ನನ್ನ ತಲೆ ಪೂರ್ತಿ ಬೋಳಿಸಿ ಮಾಡಿದ್ರು. ಊರಿಗೆ ಬಂದಾಗ ಎಲ್ಲರೂ ತಿರುಪತಿನಾ ಧರ್ಮಸ್ಥಳನಾ ಅಂತ ಕೇಳಿದ್ರು, ತಿರುಪತಿ ಅಂದೆ, ಪ್ರಸಾದ ಎಲ್ಲಿ ಅಂದ್ರು, ಬೆಂಗ್ಳೂರು ಅಂಗಡಿಯ ಲಡ್ಡು ಹಂಚಿದೆ. ದೇವರು ಕ್ಷಮಿಸಲಿ.

ಕೊಟ್ಟೆಕಡುಬು
😂😂 ಲಡ್ಡು. ಡಾಕ್ಟ್ರು ಸರಿಯಾದವರಾ ಅಂತ ನೋಡೋದು ಹೆಂಗೆ ಅಣ್ಣ? ಆ ಕ್ಲಿನಿಕ್ಕಲ್ಲೂ ಬಿಳಿ ಕೋಟು ಹಾಕ್ಕೊಂಡಿದ್ರು.

ಜನಶತಾಬ್ದಿ ಪ್ರಯಾಣಿಕ
ಕೋಟು ಗಾಂಧಿ ಬಜಾರಲ್ಲೂ ಸಿಗುತ್ತೆ. ಹೆಸರಿನ ಮುಂದೆ ಎಂಬಿಬಿಎಸ್ ಆಮೇಲೆ ಡರ್ಮಟಾಲಜಿ ಎಂಡಿ ಅಥವಾ ಡಿಪ್ಲೊಮಾ ಇದೆಯಾ ನೋಡು. ಕರ್ನಾಟಕ ಮೆಡಿಕಲ್ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಕೇಳು, ಕೊಡೋಕೆ ಮುಖ ಸಿಂಡರಿಸಿದ್ರೆ ಅಲ್ಲೇ ಉತ್ತರ ಸಿಕ್ತು. ಖಾಸಗಿ ಕ್ಲಿನಿಕ್ಕುಗಳಿಗೆ ಕೆಪಿಎಂಇ ರಿಜಿಸ್ಟ್ರೇಷನ್ ಇರಲೇಬೇಕು, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ, ಸರ್ಟಿಫಿಕೇಟ್ ಗೋಡೆ ಮೇಲೆ ಹಾಕಿರಬೇಕು. ಟ್ರಾನ್ಸ್‌ಪ್ಲಾಂಟಿಗಂತೂ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಗೈಡ್‌ಲೈನ್ಸ್ ಕೊಟ್ಟಿದೆ, ಟ್ರೈನಿಂಗ್ ಆದ ಡಾಕ್ಟ್ರೇ ಮಾಡಬೇಕು, ವಿಡಿಯೋ ನೋಡಿ ಕಲಿತಿದ್ದು ಸಾಲಲ್ಲ ಅಂತ. ಅರಿವಳಿಕೆ ಕೊಟ್ಟು ಗಂಟೆಗಟ್ಟಲೆ ಮಾಡೋ ಕೆಲಸ ಅದು, ಬ್ಯೂಟಿ ಪಾರ್ಲರ್ ಕೆಲಸ ಅಲ್ಲ.

ಮತ್ತೆ ಇವತ್ತೇ ಕಟ್ಟಿದ್ರೆ ಕಮ್ಮಿ ಅನ್ನೋದು ಸೋಫಾ ಅಂಗಡಿ ಭಾಷೆ.

ದುರ್ಗಿಗುಡಿ ಮೆಡಿಕಲ್ಸ್ ಹುಡುಗ
ಪಿಆರ್‌ಪಿ ಬಗ್ಗೆ ಯಾರೂ ಹೇಳಲಿಲ್ಲ. ನಿನ್ನದೇ ರಕ್ತ ತೆಗೆದು ತಿರುಗಿಸಿ ಪ್ಲೇಟ್ಲೆಟ್ ಭಾಗ ತಲೆಗೆ ಚುಚ್ಚೋದು. ಕೆಲವರಿಗೆ ಸ್ವಲ್ಪ ದಪ್ಪ ಆಗುತ್ತೆ, ಆದ್ರೆ ಒಬ್ಬೊಬ್ಬರದು ಒಂದೊಂದು ವಿಧಾನ, ಫಲಿತಾಂಶವೂ ಹಂಗೇ. ಔಷಧಿ ಜೊತೆಗೆ ಸೇರಿಸ್ಕೊಳ್ಳೋದು, ಔಷಧಿ ಬದಲಿಗೆ ಅಲ್ಲ. ಬಯೋಟಿನ್ ಅನ್ನೋ ವಿಟಮಿನ್ನಿನ ಗಮ್ಮಿ ಅಂತ ಸಿಹಿ ಸಿಹಿ ಮಾರ್ತಾರಲ್ಲ, ಬಯೋಟಿನ್ ಕೊರತೆ ಇಲ್ಲದವರಿಗೆ ಅದರಿಂದ ಉಪಯೋಗ ಇಲ್ಲ, ಮೇಲಾಗಿ ಥೈರಾಯ್ಡ್, ಹಾರ್ಟಿನ ಟ್ರೋಪೋನಿನ್ ಟೆಸ್ಟುಗಳ ರಿಸಲ್ಟನ್ನೇ ತಪ್ಪು ತೋರಿಸುತ್ತೆ. ನಮ್ಮ ಅಂಗಡೀಲಿ ಅದೇ ಜಾಸ್ತಿ ಮಾರೋದು, ಓನರ್ ಇದನ್ನ ಓದದೇ ಇರಲಿ.

ಅಡಿಕೆಸಿಪ್ಪೆ
ನನ್ನ ತಮ್ಮಂಗೆ ರೂಪಾಯಿ ನಾಣ್ಯದಷ್ಟು ದೊಡ್ಡ ಒಂದು ಕಡೆ ನುಣ್ಣಗೆ ಹೋಗಿದೆ, ಊರಲ್ಲಿ ಹುಳ ತಿಂದಿದೆ ಅಂತ ನೀರುಳ್ಳಿ ಉಜ್ಜಿದ್ರು, ಉರಿದು ಕೆಂಪಾಯ್ತು. ಅದೂ ಇದೇನಾ?

ಆಗುಂಬೆ ಮಳೆ
ಅದು ಬೇರೆ, ಅಲೋಪೇಶಿಯಾ ಏರಿಯಾಟಾ ಇರಬೇಕು. ಹುಳ ಗಿಳ ಏನಿಲ್ಲ, ನಮ್ಮ ದೇಹದ ರೋಗನಿರೋಧಕ ಶಕ್ತಿನೇ ಕೂದಲ ಬುಡದ ಮೇಲೆ ದಾಳಿ ಮಾಡೋದು. ಚಿಕ್ಕ ಮಚ್ಚೆ ಆದ್ರೆ ಬಹಳ ಜನಕ್ಕೆ ವರ್ಷದೊಳಗೆ ತಾನೇ ಬರುತ್ತೆ, ಇಲ್ಲಾಂದ್ರೆ ಡಾಕ್ಟ್ರು ಅಲ್ಲಲ್ಲೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತಾರೆ. ಪುಡಿ ಪುಡಿ ಉದುರಿ ತುರಿ ಇದ್ರೆ ಫಂಗಸ್ಸೂ ಇರಬಹುದು, ಅದಕ್ಕೆ ಬೇರೆ ಔಷಧಿ. ತೋರಿಸಿಬಿಡಿ, ಉಜ್ಜಬೇಡಿ.

ಕೊಟ್ಟೆಕಡುಬು
ಅಪ್‌ಡೇಟ್ ಕೊಡ್ತೀನಿ. ಮೆಗ್ಗಾನ್ ಸರ್ಕಾರಿ ಆಸ್ಪತ್ರೆ ಸ್ಕಿನ್ ಓಪಿಡಿಗೆ ಹೋಗಿ ಬಂದೆ, ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಮೇಡಂ ಒಂದು ಹಿಡಿ ಕೂದಲು ಹಿಡಿದು ಮೆಲ್ಲಗೆ ಎಳೆದು ಕೈಯಲ್ಲಿ ಎಷ್ಟು ಬಂತು ಎಣಿಸಿದ್ರು, ಆಮೇಲೆ ಒಂದು ಚಿಕ್ಕ ಲೆನ್ಸಲ್ಲಿ ಹಿಂದೆ ಮುಂದೆ ಎಲ್ಲ ಕಡೆ ನೋಡಿದ್ರು. ಮುಂದೆ ದಪ್ಪ ಕೂದಲು ತೆಳು ಕೂದಲು ಬೆರೆತಿದೆ, ಹಿಂದೆ ಎಲ್ಲ ಒಂದೇ ದಪ್ಪ ಇದೆ, ಹಂಗಾಗಿ ವಂಶದ್ದು ಇದೆ, ಆದ್ರೆ ಈಗ ಜಾಲರಿ ಕಟ್ಟೋದು ಡೆಂಗ್ಯೂ ಕೊಟ್ಟ ಕಾಟ ಅಂದ್ರು. ಮೆಡಿಕಲ್ಸ್ ಅಣ್ಣ ನಿಮಗೆ ದೊಡ್ಡ ನಮಸ್ಕಾರ. ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟಿದೆ ನೋಡೋದು), ಥೈರಾಯ್ಡ್, ವಿಟಮಿನ್ ಡಿ ಟೆಸ್ಟ್ ಬರೆದ್ರು, ಡಿ ಕಮ್ಮಿ ಬಂತು, ಅದಕ್ಕೆ ಕೊಟ್ಟಿದಾರೆ. ಮಿನಾಕ್ಸಿಡಿಲ್ ಶುರು ಮಾಡು, ಉದುರೋದು ನಿಂತ ಮೇಲೆ ಬಾ, ಆಗ ಮೂಲೆ ಎಷ್ಟಿದೆ ನೋಡಿ ಫಿನಾಸ್ಟರೈಡ್ ಮಾತಾಡೋಣ, ಅಷ್ಟರೊಳಗೆ ಓದಿ ನೀನೇ ನಿರ್ಧಾರ ಮಾಡು ಅಂದ್ರು. ಅಪ್ಪನ ಕಡೆ ಅಮ್ಮನ ಕಡೆ ಎರಡೂ ಕಡೆಯಿಂದ ಬರಬಹುದು, ಅಮ್ಮನ ಅಪ್ಪನಿಂದ ಮಾತ್ರ ಅನ್ನೋದು ಅರ್ಧ ಸತ್ಯ ಅಂತಾನೂ ಹೇಳಿದ್ರು.

ಆ ಕ್ಲಿನಿಕ್ಕಿಂದ ಈಗಲೂ ಫೋನ್ ಬರ್ತಿದೆ, 35ಕ್ಕೆ ಇಳಿದಿದಾರೆ.

ಜನಶತಾಬ್ದಿ ಪ್ರಯಾಣಿಕ
ಇನ್ನೂ ಇಳೀತಾರೆ, ಕಾಯ್ತಾ ಇರು. ಬ್ಲಾಕ್ ಮಾಡು.

ಆಗುಂಬೆ ಮಳೆ
ಸರಿಯಾದ ದಾರಿ ಹಿಡಿದಿದೀಯ. ಒಂದು ಕೆಲಸ ಮಾಡು, ತಿಂಗಳಿಗೊಂದು ಸಲ ಅದೇ ಜಾಗ, ಅದೇ ಲೈಟು, ಒಣ ಕೂದಲಲ್ಲಿ ಫೋಟೋ ತೆಗೆದಿಡು. ದಿನಾ ಕನ್ನಡಿ ನೋಡಿದ್ರೆ ಏನೂ ಗೊತ್ತಾಗಲ್ಲ, ತಲೆ ಮಾತ್ರ ಕೆಡುತ್ತೆ.

ಗಾಂಧಿಬಜಾರ್ ಗಿರಾಕಿ
ನನ್ನ ನಿಲುವು ಬದಲಾಗಿಲ್ಲ, ಆದ್ರೆ ನಿರ್ಧಾರ ನೀನೇ ಮಾಡು ಅಂದ ಡಾಕ್ಟ್ರು ಒಳ್ಳೆಯವರು.

ಹೊಸನಗರದ ಹೆಣ್ಮಗಳು
ಇಷ್ಟೆಲ್ಲ ಓದಿದೆ, ಒಂದು ಕೇಳ್ತೀನಿ. ನಂಗೂ ಬೈತಲೆ ಅಗಲ ಆಗ್ತಾ ಇದೆ, ವಯಸ್ಸು 27. ತಮ್ಮ ಮಿನಾಕ್ಸಿಡಿಲ್, ಫಿನಾಸ್ಟರೈಡ್ ಎರಡೂ ತಂದಿಟ್ಟಿದಾನೆ, ನಾನೂ ಅದನ್ನೇ ತಗೋಬಹುದಾ?

ದುರ್ಗಿಗುಡಿ ಮೆಡಿಕಲ್ಸ್ ಹುಡುಗ
ಅಕ್ಕಾ ಫಿನಾಸ್ಟರೈಡ್ ಬೇಡ, ಮುಂದೆ ಮಕ್ಕಳಾಗೋ ವಯಸ್ಸು. ಮಿನಾಕ್ಸಿಡಿಲ್ ಹೆಂಗಸರಿಗೂ ಕೊಡ್ತಾರೆ, ಆದ್ರೆ ಬಸುರಿ ಬಾಣಂತಿಯರಿಗೆ ಅಲ್ಲ, ಮುಖದಲ್ಲಿ ಸಣ್ಣ ಕೂದಲು ಬರೋದೂ ಇದೆ, ತಮ್ಮನ ಬಾಟ್ಲಿಯಿಂದ ಹಚ್ಕೋಬೇಡಿ. ಮುಟ್ಟು ಸರಿ ಬರ್ತಿದೆಯಾ, ರಕ್ತಸ್ರಾವ ಜಾಸ್ತಿ ಇದೆಯಾ ಅನ್ನೋದರಿಂದ ಶುರು ಮಾಡಬೇಕು, ಹೆಂಗಸರಲ್ಲಿ ಕಬ್ಬಿಣ ಕಮ್ಮಿ ಇರೋದು, ಥೈರಾಯ್ಡ್, ಪಿಸಿಒಎಸ್ ಅನ್ನೋ ಹಾರ್ಮೋನ್ ತೊಂದರೆ ಇವೂ ಕಾರಣ ಇರಬಹುದು. ಫೆರಿಟಿನ್ ಮತ್ತೆ ಥೈರಾಯ್ಡಿನ ಟಿಎಸ್‌ಎಚ್ ಮಾಡಿಸ್ಕೊಂಡು ಡಾಕ್ಟ್ರ ಹತ್ರ ಹೋಗಿ, ಬಯೋಟಿನ್ ತಿಂತಾ ಇದ್ರೆ ಲ್ಯಾಬಲ್ಲಿ ಮೊದಲೇ ಹೇಳಿ.

ಹೊಸನಗರದ ಹೆಣ್ಮಗಳು
ತಿಂತಾ ಇದೀನಿ 🙈 ನಾಳೆಯಿಂದ ಬಂದ್. ಸಾಗರದಲ್ಲಿ ಫೆರಿಟಿನ್ ಮಾಡ್ತಾರಾ ಯಾರಿಗಾದ್ರೂ ಗೊತ್ತಾ, ಇಲ್ಲಾ ಶಿವಮೊಗ್ಗಕ್ಕೇ ಬರಬೇಕಾ?

ಕೊಟ್ಟೆಕಡುಬು
ಸಾಗರದಲ್ಲಿ ಲ್ಯಾಬಿನವರು ಸ್ಯಾಂಪಲ್ ತಗೊಂಡು ಹೊರಗೆ ಕಳಿಸ್ತಾರೆ ಅಕ್ಕ, ನಮ್ಮ ಅಮ್ಮಂದು ಹಂಗೇ ಮಾಡಿಸಿದ್ದು, ರಿಪೋರ್ಟ್ ವಾಟ್ಸಾಪಿಗೆ ಬರುತ್ತೆ.